ಮೈನರ್ 9 ಕಾರ್ಡ್: ಐದೂ ಮನೆ ಸರಿಯಾಗಿ ಒತ್ತಿದರೂ ಕೆಸರು ಕಲಸಿದ ಹಾಗಿದೆ, ಯಾಕೆ?

ಕಪ್ಪುಬಿಳಿ | ಭಾನುವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಎಂಟು ವರ್ಷ ಹಾರ್ಮೋನಿಯಂ ನುಡಿಸಿದ್ದೇನೆ. ಹೋದ ವರ್ಷ 61 ಕೀಗಳ ಕೀಬೋರ್ಡ್ ತೆಗೆದುಕೊಂಡೆ. ನಮ್ಮದೊಂದು ಚಿಕ್ಕ ಭಾವಗೀತೆ ತಂಡವಿದೆ. ಹಾಡಲು ಒಬ್ಬರು ಅಕ್ಕ, ತಬಲಾ, ಕೊಳಲು, ಮತ್ತೆ ನಾನು. ಬೇಸ್ ಗಿಟಾರ್ ಇಲ್ಲ.

ಕಾರ್ಡ್‌ಗಳಲ್ಲಿ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಮೈನರ್ 7 ತನಕ ಕೈ ಕೂತಿದೆ. ಈಗ ಮೈನರ್ 9 ಕಲಿಯುತ್ತಿದ್ದೇನೆ. ಬೇರೆಯವರು ನುಡಿಸಿದಾಗ ಆ ಕಾರ್ಡ್ ಬಂದ ಕಡೆ ಮೈ ಜುಂ ಅನ್ನುತ್ತದೆ. ನಾನು ನುಡಿಸಿದರೆ ಕೆಸರು ಕಲಸಿದ ಹಾಗಿರುತ್ತದೆ. ಎ ಮೈನರ್ 9 ಅಂದರೆ ಎ, ಸಿ, ಇ, ಜಿ, ಬಿ ಅಂತ ಒಂದು ಆ್ಯಪ್ ತೋರಿಸಿತು. ಎಡಗೈಯಲ್ಲಿ ಕೆಳಗಿನ ಎ, ಸಿ, ಇ ಒತ್ತುತ್ತೇನೆ. ಬಲಗೈಯಲ್ಲಿ ಜಿ, ಬಿ. ಒಂದು ಮನೆಯೂ ತಪ್ಪಿಲ್ಲ. ಆದರೂ ನಿನ್ನೆ ಅಭ್ಯಾಸದಲ್ಲಿ ಅಕ್ಕ ಹಾಡು ನಿಲ್ಲಿಸಿ, "ಹಿಂದೆ ಏನೋ ಗುಂಯ್ ಅನ್ನುತ್ತಿದೆ ಕಣೇ, ನನ್ನ ಸ್ವರ ನನಗೇ ಸಿಗುತ್ತಿಲ್ಲ" ಅಂದರು.

ಇನ್ನೊಂದು ಗೊಂದಲ. ಒಂದು ಪಾಠದಲ್ಲಿ ಮೈನರ್ ನೈನ್ತ್ ಎಂದರೆ 13 ಮನೆ ಅಂತ ಇತ್ತು. ಎ ಬಿಟ್ಟು 13 ಎಣಿಸಿದರೆ ಬಿ ಫ್ಲಾಟ್ ಸಿಗುತ್ತದೆ, ಬಿ ಅಲ್ಲ. ಹಾಗಾದರೆ ಆ್ಯಪ್ ತಪ್ಪಾ, ಪಾಠ ತಪ್ಪಾ?

(ಹಾರ್ಮೋನಿಯಂ ಅಭ್ಯಾಸದಿಂದ ಕೀ ಅನ್ನುವುದಕ್ಕೆ ಮನೆ ಅನ್ನುತ್ತೇನೆ. ಕಪ್ಪು, ಬಿಳಿ ಎಲ್ಲ ಸೇರಿಸಿಯೇ ಎಣಿಸುತ್ತೇನೆ.)

ಮಂದ್ರ | ಭಾನುವಾರ, ರಾತ್ರಿ 11.25

ಎರಡೂ ಸರಿ. ಗೊಂದಲ ಇರುವುದು ಹೆಸರಿನಲ್ಲಿ ಮಾತ್ರ.

ಮೈನರ್ 9 ಕಾರ್ಡ್‌ನಲ್ಲಿ "ಮೈನರ್" ಅನ್ನುವ ಮಾತು ಮೂರನೇ ಸ್ವರಕ್ಕೆ ಸೇರಿದ್ದು. 9ಕ್ಕೆ ಅಲ್ಲ. ಮೊದಲು ಮೈನರ್ 7 ಕಾರ್ಡ್ ಕಟ್ಟಿ. ಅದರ ಮೇಲೆ ಮಾಮೂಲಿ 9 ಇಡಿ, ಆಯಿತು. ಎ ಅನ್ನು ಸೊನ್ನೆ ಅಂತ ಇಟ್ಟುಕೊಂಡು ನಿಮ್ಮ ಲೆಕ್ಕದಲ್ಲೇ ಎಣಿಸಿದರೆ 0, 3, 7, 10, 14. ಪಾಠದಲ್ಲಿದ್ದ 13 ಅನ್ನುವುದು ಎರಡು ಸ್ವರಗಳ ನಡುವಿನ ಒಂದು ಅಂತರದ ಹೆಸರು, ಕಾರ್ಡ್‌ನ ಹೆಸರಲ್ಲ. ಬಿ ಫ್ಲಾಟ್ ಬೇಕಿದ್ದರೆ ಬರೆಯುವವರು ಎ ಮೈನರ್ 7 ಫ್ಲಾಟ್ 9 ಅಂತ ಬಿಡಿಸಿಯೇ ಬರೆಯುತ್ತಾರೆ.

ಕಿವಿಯಲ್ಲೇ ನೋಡಿಬಿಡಿ. ಎಡಗೈಯಲ್ಲಿ ಎ ಹಿಡಿದು ಬಲಗೈಯಲ್ಲಿ ಮೇಲಿನ ಬಿ ಫ್ಲಾಟ್ ಒತ್ತಿ. ಮುಖ ತಾನಾಗಿಯೇ ಕಿವುಚಿಕೊಳ್ಳುತ್ತದೆ. ಈಗ ಒಂದು ಮನೆ ಸರಿದು ಬಿ ಒತ್ತಿ. ಬಾಗಿಲು ತೆರೆದ ಹಾಗೆ ಇರುತ್ತದೆ, ಅಲ್ವಾ? ನಮಗೆ ಬೇಕಾದ 9 ಅದು.

ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ. ಕಾರ್ಡ್ ಹಾಳೆಯಲ್ಲಿ "ಎ ಮೈನರ್ ಆಡ್ 9" ಅಂತ ಕಂಡರೆ ಅದರಲ್ಲಿ ಜಿ ಇರುವುದಿಲ್ಲ. ಎ, ಸಿ, ಇ, ಬಿ ಮಾತ್ರ. ಸುಮ್ನೆ 9 ಅಂತಿದ್ದರೆ 7 ಇದ್ದೇ ಇರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ನುಡಿಸಿ. ಆಡ್ 9 ತಿಳಿಯಾಗಿ, ಸ್ವಲ್ಪ ಒಂಟಿಯಾಗಿ ಕೇಳಿಸುತ್ತದೆ. ಜಿ ಸೇರಿದ ಕೂಡಲೇ ಅದಕ್ಕೆ ಬೆಚ್ಚನೆಯ ಹೊದಿಕೆ ಬರುತ್ತದೆ.

ಕೆಸರಿನ ವಿಷಯ ದೊಡ್ಡದು. ನಾಳೆ ಬರೆಯುತ್ತೇನೆ.

ಗ್ರಹಭೇದ | ಸೋಮವಾರ, ಬೆಳಗ್ಗೆ 6.15

ನಾನು ವೀಣೆಯವಳು. ಕೀಬೋರ್ಡ್ ಮನೆಯಲ್ಲಿದೆ, ಮಗನದ್ದು. ಕಪ್ಪುಬಿಳಿ, ನಿಮಗೆ ಸ್ವರದ ಲೆಕ್ಕವೇ ಹತ್ತಿರ ಅನ್ನಿಸಬಹುದು. ಎ ಅನ್ನು ಷಡ್ಜ ಮಾಡಿಕೊಳ್ಳಿ. ಸ, ಸಾಧಾರಣ ಗಾಂಧಾರ, ಪ, ಕೈಶಿಕಿ ನಿಷಾದ, ಆಮೇಲೆ ಮೇಲಿನ ಸ್ಥಾಯಿಯ ಚತುಶ್ರುತಿ ರಿಷಭ. ಐದೂ ಖರಹರಪ್ರಿಯ ರಾಗದಲ್ಲಿ ಸಿಗುತ್ತವೆ. ಹಿಂದೂಸ್ತಾನಿಯವರಿಗೆ ಕಾಫಿ ಥಾಟ್ ಅಂದರೆ ಸಾಕು.

ಇಲ್ಲೂ ಹೆಸರಿನ ಗುಂಡಿಯೊಂದಿದೆ. ಹಿಂದೂಸ್ತಾನಿಯವರು ಈ ರಿಷಭವನ್ನು ಶುದ್ಧ ಅನ್ನುತ್ತಾರೆ. ನಮ್ಮಲ್ಲಿ ಶುದ್ಧ ರಿಷಭ ಅಂದರೆ ಸ ಪಕ್ಕದ್ದೇ, ಅಂದರೆ ಮಂದ್ರ ಅವರು ಹೇಳಿದ ಮುಖ ಕಿವುಚುವ ಬಿ ಫ್ಲಾಟ್. ಹಾರ್ಮೋನಿಯಂ ಯಾರ ಹತ್ತಿರ ಕಲಿತಿರಿ ಅನ್ನುವುದರ ಮೇಲೆ ನಿಮ್ಮ ತಲೆಯಲ್ಲಿರುವ "ಶುದ್ಧ ರಿ" ಬದಲಾಗುತ್ತದೆ. ಅದೊಂದು ನೋಡಿಕೊಳ್ಳಿ.

ಕಪ್ಪುಬಿಳಿ | ಸೋಮವಾರ, ಬೆಳಗ್ಗೆ 7.50

ಮೇಡಂ, ನಾನು ಕಲಿತದ್ದು ಹಿಂದೂಸ್ತಾನಿ. ಹಾಗಾಗಿ ಶುದ್ಧ ರಿ ಅಂದರೆ ನನಗೆ ಬಿ. ಈಗ ಹೆಸರಿನ ಗಂಟು ಬಿಚ್ಚಿತು. ಮಂದ್ರ ಸರ್, ಕೆಸರಿಗೆ ಕಾಯುತ್ತಿದ್ದೇನೆ.

ಮಂದ್ರ | ಸೋಮವಾರ, ರಾತ್ರಿ 9.10

ಸರಿ, ನಿಧಾನವಾಗಿ ಓದಿ. ಓದುತ್ತಾ ಕೀಬೋರ್ಡ್ ಮುಂದೆ ಕೂತಿರಿ.

ಮೊದಲು ಕೆಸರು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಪಿಯಾನೋದ ಯಾವ ಸ್ವರವೂ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೆ ಮೇಲಿನ ಸಹಸ್ವರಗಳ ಒಂದು ಸಾಲೇ ಇರುತ್ತದೆ. ಕೆಳಗಿನ ಸ್ವರಗಳಲ್ಲಿ ಆ ಸಾಲು ನಮ್ಮ ಕಿವಿಗೆ ಜಾಸ್ತಿ ಬೀಳುತ್ತದೆ. ಕೆಳಗಡೆ ಎರಡು ಸ್ವರಗಳನ್ನು ಹತ್ತಿರ ಹತ್ತಿರ ಇಟ್ಟರೆ ಆ ಎರಡು ಸಾಲುಗಳು ಒಂದಕ್ಕೊಂದು ಉಜ್ಜುತ್ತವೆ. ಅಕ್ಕನಿಗೆ ಕೇಳಿಸಿದ ಗುಂಯ್ ಅದೇ. ನಿಮ್ಮ ಎಡಗೈಯ ಎ ಮತ್ತು ಸಿ ನಡುವೆ ಮೂರೇ ಮನೆ. ಅದೇ ಎರಡು ಸ್ವರ ನಡು ಸಿ ಹತ್ತಿರ ಚಂದ. ಅಷ್ಟು ಕೆಳಗೆ ಅಲ್ಲ. ಅಲ್ಲಿ ಸ್ವರಗಳಿಗೆ ಜಾಗ ಬೇಕು.

61 ಕೀಗಳಲ್ಲಿ ಎಡ ತುದಿಯ ಸಿ ಇಂದ ಹೊರಟರೆ ಮೊದಲು ಸಿಗುವ ಎ ಮೇಲೆ ಎಡಗೈ ಕಿರುಬೆರಳು ಇಡಿ. ನಡು ಸಿ ಅಂದರೆ ಎಡದಿಂದ ಮೂರನೇ ಸಿ. ಅದರ ಕೆಳಗೇ ಇರುವ ಜಿ ಮೇಲೆ ಎಡಗೈ ಹೆಬ್ಬೆರಳು. ಎಡಗೈಗೆ ಇಷ್ಟೇ ಕೆಲಸ, ಎ ಮತ್ತು ಜಿ. ನಡುವೆ ಏನೂ ಬೇಡ.

ಈಗ ಬಲಗೈ. ಹೆಬ್ಬೆರಳು ನಡು ಸಿ ಮೇಲೆ, ಮುಂದೆ ಇ, ಕಿರುಬೆರಳಲ್ಲಿ ಮೇಲಿನ ಬಿ. ಐದೂ ಸ್ವರ ಬಂತು. ನಿಮ್ಮ ಹಳೆಯ ಜೋಡಣೆ ಒಮ್ಮೆ, ಇದು ಒಮ್ಮೆ ನುಡಿಸಿ. ಸ್ವರಗಳು ಅವೇ ಐದು. ಕೂತ ಜಾಗ ಮಾತ್ರ ಬೇರೆ.

ಮುಂದೆ ಹೇಳುವುದು ಈ ಕಾರ್ಡ್‌ನ ಜೀವ ಅಂತ ನಾನು ನಂಬಿದ್ದೇನೆ. ಉಳಿದದ್ದೆಲ್ಲ ಬಿಟ್ಟು ಬಿ ಮತ್ತು ಸಿ ಎರಡನ್ನೇ ನೋಡಿ. ನಡು ಸಿ, ಅದರ ಕೆಳಗೇ ಇರುವ ಬಿ. ಒಟ್ಟಿಗೆ ಒತ್ತಿ. ಚುಚ್ಚುತ್ತದೆ. ಈಗ ಅದೇ ಬಿಯನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ದು ಸಿ ಜೊತೆ ಒತ್ತಿ. ಚುಚ್ಚುವುದು ಹೋಗಿ ಹೊಳಪು ಉಳಿಯುತ್ತದೆ. ಕಾರ್ಡ್‌ನ ಮೂರನೇ ಸ್ವರ ಮತ್ತು ಒಂಬತ್ತನೇ ಸ್ವರ ಸದಾ ಹೀಗೆ ಅರ್ಧ ಸ್ವರದ ನೆರೆಯವರು. ನಿಮಗೆ ಮೈ ಜುಂ ಅನ್ನಿಸಿದ್ದು ಈ ಜೋಡಿಯಿಂದ. ಇವರನ್ನು ಪಕ್ಕಪಕ್ಕ ಕೂರಿಸಬೇಕಾ, ದೂರ ಕೂರಿಸಬೇಕಾ ಅನ್ನುವುದೇ ಮೈನರ್ 9 ನುಡಿಸುವವರ ಮುಖ್ಯ ತೀರ್ಮಾನ. ಪಕ್ಕಪಕ್ಕ ಇಟ್ಟರೆ ಕೆಳಗಿನ ಬಿಯನ್ನು ಹಗುರವಾಗಿ ಒತ್ತಿ, ಸಿಗೆ ತೂಕ ಕೊಡಿ. ಎರಡನ್ನೂ ಒಂದೇ ಬಲದಲ್ಲಿ ಕುಟ್ಟಿದರೆ ಜಗಳ ಆಡುತ್ತವೆ.

ಇನ್ನು ನೆನಪಿನಲ್ಲಿಡುವ ದಾರಿ. ಎ ತೆಗೆದುಬಿಡಿ. ಉಳಿದದ್ದು ಸಿ, ಇ, ಜಿ, ಬಿ. ಅದು ಸಿ ಮೇಜರ್ 7. ಅಂದರೆ ಎ ಮೈನರ್ 9 ಅನ್ನುವುದು ಎ ಮೇಲೆ ಕೂತ ಸಿ ಮೇಜರ್ 7! ಯಾವ ಮೈನರ್ 9 ಬೇಕಾದರೂ ಬುಡದ ಸ್ವರದಿಂದ (ಇಲ್ಲಿ ಎ) ಮೂರು ಮನೆ ಮೇಲೆ ಹೋಗಿ ಅಲ್ಲಿ ಮೇಜರ್ 7 ಹಿಡಿಯಿರಿ. ಡಿ ಮೈನರ್ 9ಕ್ಕೆ ಎಫ್ ಮೇಜರ್ 7. ಜಿ ಮೈನರ್ 9ಕ್ಕೆ ಬಿ ಫ್ಲಾಟ್ ಮೇಜರ್ 7. ಸಿ ಮೈನರ್ 9ಕ್ಕೆ ಇ ಫ್ಲಾಟ್ ಮೇಜರ್ 7. ಬಲಗೈ ಬೆರಳು 1, 2, 3, 5. ಹೀಗೆ ಹಿಡಿದರೆ ಎಡಗೈಗೆ ಬುಡದ ಸ್ವರ ಒಂದೇ ಸಾಕು.

ಐದರಲ್ಲಿ ಒಂದು ಬಿಡಬೇಕಾದರೆ ಪಂಚಮ ಬಿಡಿ, ಇಲ್ಲಿ ಇ. ಅದು ಹೋದರೂ ಕಾರ್ಡ್‌ನ ಗುರುತು ಹೋಗುವುದಿಲ್ಲ.

ಕಡಲತಡಿ ಆರ್ಗನ್ | ಮಂಗಳವಾರ, ಮಧ್ಯಾಹ್ನ 1.30

ಮಂಗಳೂರಿನಲ್ಲಿ ಚರ್ಚ್ ಕ್ವಾಯರ್‌ಗೆ ನುಡಿಸುತ್ತೇನೆ. ನನ್ನ ಸಲಹೆ ಇನ್ನೂ ಸರಳ. ಬುಡದ ಸ್ವರವನ್ನೇ ಬಿಟ್ಟುಬಿಡಿ. ಡಿ ಮೈನರ್ 9ಕ್ಕೆ ಎಫ್, ಎ, ಸಿ, ಇ ಮಾತ್ರ, ಒಂದೇ ಕೈಯಲ್ಲಿ, ನಡು ಸಿ ಸುತ್ತಮುತ್ತ. ಮುಂದೆ ಜಿ 13 ಅನ್ನುವ ಕಾರ್ಡ್ ಬಂದರೆ ಸಿ ಬೆರಳನ್ನು ಬಿಗೆ ಇಳಿಸಿ, ಉಳಿದ ಮೂರು ಅಲ್ಲೇ ಇರಲಿ: ಎಫ್, ಎ, ಬಿ, ಇ. ಆಮೇಲೆ ಸಿ ಮೇಜರ್ 9: ಇ, ಜಿ, ಬಿ, ಡಿ. ಈ ಸಲ ಬಿ ನಿಲ್ಲುತ್ತದೆ, ಮೂರು ಬೆರಳು ಒಂದೊಂದು ಹೆಜ್ಜೆ ಇಳಿಯುತ್ತವೆ. ಕೈ ಎಲ್ಲೂ ಜಿಗಿಯುವುದಿಲ್ಲ. ಇದನ್ನು ಮೊದಲ ಸಲ ಸರಿಯಾಗಿ ಹಿಡಿದ ದಿನ ನಾನು ಒಂದು ಗಂಟೆ ಅದನ್ನೇ ನುಡಿಸುತ್ತಾ ಕೂತಿದ್ದೆ.

ಜಾಜ್ ಪಿಯಾನೋದವರಲ್ಲಿ ಬಿಲ್ ಎವನ್ಸ್ ಈ ಬಗೆಯ ಹಿಡಿತಕ್ಕೆ ಹೆಸರುವಾಸಿ. 1959ರಿಂದ 1961ರ ತನಕ ಅವರ ಮೂವರ ತಂಡದಲ್ಲಿ ಬೇಸ್‌ಗೆ ಸ್ಕಾಟ್ ಲಫಾರೋ, ಡ್ರಮ್ಸ್‌ಗೆ ಪಾಲ್ ಮೋಷನ್ ಇದ್ದರು. 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಮುದ್ರಿಸಿದ ಕಛೇರಿ ಸಿಗುತ್ತದೆ, ಕೇಳಿ. ಬುಡದ ಸ್ವರವನ್ನು ಬೇಸ್‌ನವರಿಗೆ ಬಿಟ್ಟುಕೊಟ್ಟಾಗ ಪಿಯಾನೋಗೆ ಎಷ್ಟು ಜಾಗ ಸಿಗುತ್ತದೆ ಅಂತ ಗೊತ್ತಾಗುತ್ತದೆ. ಅದಾಗಿ ಹನ್ನೊಂದು ದಿನಕ್ಕೆ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ಇಪ್ಪತ್ತೈದು ವರ್ಷ. ಅದನ್ನು ಕೇಳುವಾಗಲೆಲ್ಲ ನನಗೆ ಆ ದಿನಾಂಕ ನೆನಪಾಗುತ್ತದೆ.

ಮಂದ್ರ | ಮಂಗಳವಾರ, ಮಧ್ಯಾಹ್ನ 2.05

ಕಡಲತಡಿ, ಆ ಮೂರು ಕಾರ್ಡ್‌ಗಳ ಸಾಲು ಬಂಗಾರ. ಆದರೆ ಇವರ ತಂಡದಲ್ಲಿ ಬೇಸ್ ಇಲ್ಲ. ಬುಡದ ಸ್ವರ ಯಾರೂ ಕೊಡದಿದ್ದರೆ ಎಫ್, ಎ, ಸಿ, ಇ ಕೇಳುವವರಿಗೆ ಎಫ್ ಮೇಜರ್ 7 ಆಗಿಯೇ ಕೇಳಿಸುತ್ತದೆ. ಹಾಡಿನ ಮೈನರ್ ಬಣ್ಣವೇ ಹೋಗಿಬಿಡುತ್ತದೆ. ಕಪ್ಪುಬಿಳಿ, ನೀವು ಎಡಗೈಯ ಬುಡದ ಸ್ವರ ಬಿಡಬೇಡಿ.

ಕಡಲತಡಿ ಆರ್ಗನ್ | ಮಂಗಳವಾರ, ಮಧ್ಯಾಹ್ನ 2.20

ಒಪ್ಪಿದೆ. ಬೇಸ್ ಇಲ್ಲ ಅಂತ ಮೊದಲ ಪೋಸ್ಟ್‌ನಲ್ಲೇ ಬರೆದಿದ್ದರು, ನಾನು ಗಮನಿಸಬೇಕಿತ್ತು. ಪೆಡಲ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಾರ್ಡ್ ಬದಲಾದ ಕೂಡಲೇ ಸ್ವರ ಎಳೆದು ಹಿಡಿಯುವ ಸಸ್ಟೇನ್ ಪೆಡಲ್ ಎತ್ತಿ, ಹೊಸ ಕಾರ್ಡ್ ಒತ್ತಿದ ಮೇಲೆ ಮತ್ತೆ ತುಳಿಯಿರಿ. 9 ಇರುವ ಕಾರ್ಡ್‌ಗಳು ಹಿಂದಿನ ಕಾರ್ಡ್‌ನ ಬಾಲ ಸ್ವಲ್ಪವೂ ಸಹಿಸುವುದಿಲ್ಲ.

ರಾತ್ರಿಪಾಳಿ | ಮಂಗಳವಾರ, ರಾತ್ರಿ 1.15

ಸ್ವಲ್ಪ ಬೇರೆ ಮಾತು. ನಾನು ಮನೆಯಲ್ಲಿ ಕಂಪ್ಯೂಟರ್ ಮೇಲೆ ಟ್ರ್ಯಾಕ್ ಮಾಡುತ್ತೇನೆ. ಡೀಪ್ ಹೌಸ್ ಅನ್ನುವ ಎಲೆಕ್ಟ್ರಾನಿಕ್ ನೃತ್ಯ ಸಂಗೀತದಲ್ಲಿ ಐದೂ ಸ್ವರದ ಮೈನರ್ 9ನ್ನು ಒಂದೇ ಆಕಾರದಲ್ಲಿ ಹಿಡಿದು ಹಾಗೇ ಮೇಲೆ ಕೆಳಗೆ ಸರಿಸುತ್ತಾರೆ. ಎ ಮೈನರ್ 9, ಜಿ ಮೈನರ್ 9, ಸಿ ಮೈನರ್ 9, ಎಲ್ಲ ಒಂದೇ ಅಚ್ಚು. ಹಾಡಿನ ಸ್ಕೇಲ್ ಒಳಗಿದೆಯಾ ಹೊರಗಿದೆಯಾ ಅಂತ ಯಾರೂ ಕೇಳುವುದಿಲ್ಲ. ಅದಕ್ಕೂ ಅದರದ್ದೇ ಚಂದ ಇದೆ. ಹಾಗಾಗಿ ಸ್ವರ ಬಿಡುವುದೇ ಸರಿ ಅಂತ ತೀರ್ಮಾನ ಮಾಡಬೇಡಿ.

ಕಪ್ಪುಬಿಳಿ | ಬುಧವಾರ, ರಾತ್ರಿ 9.30

ಮಂದ್ರ ಸರ್, ಎರಡು ದಿನದಿಂದ ನಿಮ್ಮ ಜೋಡಣೆಯಲ್ಲೇ ನುಡಿಸುತ್ತಿದ್ದೇನೆ. ಕೆಸರು ಹೋಯಿತು! ಬಿಯನ್ನು ಮೇಲಕ್ಕೆ ಒಯ್ದಾಗ ಆಗುವ ಬದಲಾವಣೆಯನ್ನು ಅಮ್ಮನೂ ಅಡುಗೆ ಮನೆಯಿಂದಲೇ ಗುರುತಿಸಿದರು. "ಈಗ ಸರಿಯಾಯ್ತು ನೋಡು" ಅಂದರು.

ಆದರೆ ಹೊಸ ತೊಂದರೆ. ಸಿ ಮೇಜರ್‌ನ ಒಂದು ಹಾಡಲ್ಲಿ ಮೈನರ್ ಇದ್ದ ಕಡೆಯೆಲ್ಲ 9 ಹಾಕಿ ನೋಡಿದೆ. ಡಿ ಮೈನರ್ 9 ಚಂದ. ಎ ಮೈನರ್ 9 ಚಂದ. ಇ ಮೈನರ್ 9 ಮಾತ್ರ ಹಾಡಿನಿಂದ ಹೊರಗೆ ಹೋಗಿ ನಿಂತ ಹಾಗಿದೆ. ಸೂತ್ರದ ಪ್ರಕಾರವೇ ಜಿ ಮೇಜರ್ 7 ಹಿಡಿದಿದ್ದೆ: ಜಿ, ಬಿ, ಡಿ, ಎಫ್ ಶಾರ್ಪ್.

ಇನ್ನೊಂದು ಪ್ರಶ್ನೆ. ಅಕ್ಕನ ಶ್ರುತಿ ಐದೂವರೆ, ಜಿ ಶಾರ್ಪ್. ನಾನು ಕೀಬೋರ್ಡ್‌ನ ಟ್ರಾನ್ಸ್‌ಪೋಸ್‌ನಲ್ಲಿ ಶ್ರುತಿಯನ್ನು ಒಂದು ಮನೆ ಇಳಿಸಿ ಎ ಮೈನರ್ ಅಂತಲೇ ನುಡಿಸುತ್ತೇನೆ. ಅದು ತಪ್ಪಾ?

ಗ್ರಹಭೇದ | ಗುರುವಾರ, ಬೆಳಗ್ಗೆ 6.00

ಇ ಮೈನರ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಇದು ನನ್ನ ಹೆಸರಿನದ್ದೇ ವಿಷಯ.

ಸಿ ಮೇಜರ್ ಅಂದರೆ ಶಂಕರಾಭರಣ. ಅದೇ ಬಿಳಿ ಮನೆಗಳನ್ನು ಇಟ್ಟುಕೊಂಡು ಷಡ್ಜ ಮಾತ್ರ ಬದಲಾಯಿಸಿ. ಗ್ರಹಭೇದ ಅಂದರೆ ಇದೇ. ರಿ, ಅಂದರೆ ಡಿ ಅನ್ನು ಸ ಮಾಡಿದರೆ ಖರಹರಪ್ರಿಯ. ದ, ಅಂದರೆ ಎ ಅನ್ನು ಸ ಮಾಡಿದರೆ ನಠಭೈರವಿ. ಎರಡರಲ್ಲೂ ಚತುಶ್ರುತಿ ರಿಷಭವೇ ಇದೆ. ಅದಕ್ಕೇ ನಿಮ್ಮ 9 ಅಲ್ಲಿ ಸುಖವಾಗಿ ಕೂತಿತು. ಈಗ ಗ, ಅಂದರೆ ಇ ಅನ್ನು ಸ ಮಾಡಿ ನುಡಿಸಿ. ಕಿವಿಗೆ ಥಟ್ ಅಂತ ಗೊತ್ತಾಗುತ್ತದೆ. ತೋಡಿ! ತೋಡಿಯಲ್ಲಿ ಇರುವುದು ಶುದ್ಧ ರಿಷಭ, ನಮ್ಮ ಲೆಕ್ಕದ ಶುದ್ಧ, ಎಫ್. ನೀವು ಹಾಕಿದ ಎಫ್ ಶಾರ್ಪ್ ಆ ಮನೆಗೇ ಸೇರಿದ್ದಲ್ಲ. ಹಾಗಂತ ಎಫ್ ಹಾಕಿದರೆ ಮತ್ತೆ ಆ 13ರ ಚುಚ್ಚು. ಅಲ್ಲಿ 9 ಬೇಡ. ಇ ಮೈನರ್ 7ರಲ್ಲೇ ನಿಲ್ಲಿಸಿ.

ಇದಕ್ಕಿಂತ ಮುಖ್ಯವಾದ ಒಂದು ಮಾತಿದೆ. ನಿಮ್ಮ ಅಕ್ಕ ಹಾಡುವುದು ಖರಹರಪ್ರಿಯದ ನೆರಳಿರುವ ಹಾಡಾದರೆ ಗಾಂಧಾರ ನೋಡಿಕೊಳ್ಳಿ. ನಮ್ಮ ಗಾಂಧಾರ ಒಂದು ಮನೆಯಲ್ಲಿ ಕೂರುವ ಸ್ವರ ಅಲ್ಲ. ತೂಗುತ್ತದೆ. ವೀಣೆಯಲ್ಲಿ ನಾನು ತಂತಿ ಎಳೆದು ಆ ತೂಗು ತರುತ್ತೇನೆ. ಗಾಯಕಿ ಅಲ್ಲಿ ಗಮಕ ಕೊಡುವಾಗ ನೀವು ಸಿ ಅನ್ನು ಗಟ್ಟಿಯಾಗಿ ಹಿಡಿದು ನಿಂತರೆ, ಉಯ್ಯಾಲೆ ಪಕ್ಕದಲ್ಲಿ ಗೂಟ ಹೊಡೆದ ಹಾಗೆ. "ನನ್ನ ಸ್ವರ ನನಗೇ ಸಿಗುತ್ತಿಲ್ಲ" ಅಂತ ಅವರು ಅಂದದ್ದರಲ್ಲಿ ಅರ್ಧ ಪಾಲು ಇದೇ ಇರಬಹುದು.

ಅಲ್ಲಿ ಗಾಂಧಾರ ಬಿಟ್ಟುಬಿಡಿ. ಗಾಂಧಾರವನ್ನು ಅವರೇ ಹಾಡುತ್ತಿದ್ದಾರಲ್ಲ.

ಮಂದ್ರ | ಗುರುವಾರ, ಬೆಳಗ್ಗೆ 8.40

ಮೇಡಂ, ಇದು ನನಗೆ ಹೊಳೆದಿರಲಿಲ್ಲ. ಮೂರನೇ ಸ್ವರವನ್ನು ಎಂದೂ ಬಿಡಬಾರದು ಅಂತಲೇ ನಾನು ಕಲಿಸುತ್ತಾ ಬಂದಿದ್ದೇನೆ. ಗಾಯಕಿ ಆ ಸ್ವರದಲ್ಲೇ ಇದ್ದಾಗ ನಿಯಮ ತಿರುಗುತ್ತದೆ, ನಿಜ.

ಕಪ್ಪುಬಿಳಿ, ನಿಮ್ಮ ಈಗಿನ ಜೋಡಣೆಯಲ್ಲಿ ಇದಕ್ಕೆ ಹೊಸದೇನೂ ಕಲಿಯಬೇಕಿಲ್ಲ. ಎಡಗೈ ಎ, ಜಿ. ಬಲಗೈ ಸಿ, ಇ, ಬಿ. ಅಕ್ಕ ಗಾಂಧಾರಕ್ಕೆ ಬಂದಾಗ ಬಲಗೈ ಹೆಬ್ಬೆರಳು ಎತ್ತಿ. ಅಷ್ಟೇ. ಇ, ಬಿ ಉಳಿಯುತ್ತವೆ. ಅಕ್ಕನ ಗಾಂಧಾರ ಬರುವುದು ನಿಮ್ಮ ಹೆಬ್ಬೆರಳು ಖಾಲಿ ಮಾಡಿದ ಆ ನಡು ಸಿ ಜಾಗಕ್ಕೇ. ಬಿ ಮಾತ್ರ ಮೇಲಿನ ಸ್ಥಾಯಿಯಲ್ಲೇ ಇರಲಿ. ಕೆಳಗಿಟ್ಟರೆ ಅವರ ಕಿವಿ ಪಕ್ಕದಲ್ಲೇ ಅರ್ಧ ಸ್ವರ ಚುಚ್ಚುತ್ತಿರುತ್ತದೆ.

ಟ್ರಾನ್ಸ್‌ಪೋಸ್ ತಪ್ಪಲ್ಲ. ಕಾರ್ಯಕ್ರಮದಲ್ಲಿ ಖಂಡಿತ ಬಳಸಿ. ಮನೆಯಲ್ಲಿ ಮಾತ್ರ ಒಮ್ಮೆ ಜಿ ಶಾರ್ಪ್‌ನಲ್ಲೇ ಹಿಡಿದು ನೋಡಿ. ಮೂರು ಮನೆ ಮೇಲೆ ಬಿ ಮೇಜರ್ 7: ಬಿ, ಡಿ ಶಾರ್ಪ್, ಎಫ್ ಶಾರ್ಪ್, ಎ ಶಾರ್ಪ್. ಬಿ ಒಂದೇ ಬಿಳಿ, ಉಳಿದ ಮೂರೂ ಕಪ್ಪು. ಹೆಬ್ಬೆರಳು ಬಿಳಿಯ ಮೇಲೆ, ಉದ್ದ ಬೆರಳುಗಳು ಕಪ್ಪಿನ ಮೇಲೆ. ಎ ಮೈನರ್‌ಗಿಂತ ಕೈಗೆ ಹಿತವಾಗಿದೆ ಅಂತ ನೀವೇ ಹೇಳುತ್ತೀರಿ.

ರಾತ್ರಿಪಾಳಿ | ಗುರುವಾರ, ರಾತ್ರಿ 11.50

ಹೆಬ್ಬೆರಳು ಎತ್ತುವುದನ್ನು ನನ್ನ ಟ್ರ್ಯಾಕ್‌ನಲ್ಲಿ ಮಾಡಿ ನೋಡಿದೆ. ಹಾಡುವ ದನಿ ಇರುವ ಕಡೆ ಕಾರ್ಡ್‌ನಿಂದ ಮೂರನೇ ಸ್ವರ ತೆಗೆದೆ. ದನಿಯ ವಾಲ್ಯೂಮ್ ಮುಟ್ಟಲೇ ಇಲ್ಲ, ಆದರೂ ಅದು ಮುಂದೆ ಬಂತು. ಐದೂ ಸ್ವರ ಇರಲಿ ಅಂತ ವಾದ ಮಾಡಿದ್ದೆ. ಹಾಡುವವರಿದ್ದಾಗ ಆ ಮಾತು ವಾಪಸ್.

ಕಪ್ಪುಬಿಳಿ | ಭಾನುವಾರ, ರಾತ್ರಿ 9.45

ಇವತ್ತು ಅಭ್ಯಾಸ ಇತ್ತು. ಬಂದ ಕೂಡಲೇ ಬರೆಯುತ್ತಿದ್ದೇನೆ.

ಪಲ್ಲವಿ ಪೂರ್ತಿ ಐದೂ ಸ್ವರ ಇಟ್ಟೆ. ಚರಣದ ಎರಡನೇ ಸಾಲಿನಲ್ಲಿ ಅಕ್ಕ ಗಾಂಧಾರದ ಮೇಲೆ ನಿಂತು ತೂಗುತ್ತಾರೆ. ಅಲ್ಲಿ ಹೆಬ್ಬೆರಳು ಎತ್ತಿದೆ. ಎ, ಜಿ, ಇ, ಬಿ ಮಾತ್ರ ಉಳಿಯಿತು. ಒಂದು ಕ್ಷಣ ಕಾರ್ಡ್ ಟೊಳ್ಳಾಯಿತೇನೋ ಅನ್ನಿಸಿತು. ಅಷ್ಟರಲ್ಲಿ ಅಕ್ಕನ ಗಾಂಧಾರ ಬಂತು. ಇಷ್ಟು ದಿನ ನಾನು ಹುಡುಕುತ್ತಿದ್ದ ಮೈನರ್ 9 ಅಲ್ಲಿ ಕೇಳಿಸಿತು. ನಾಲ್ಕು ಸ್ವರ ನನ್ನದು, ಒಂದು ಅವರದ್ದು. ತಬಲಾದವರು ನನ್ನ ಕಡೆ ತಿರುಗಿ ತಲೆ ಆಡಿಸಿದರು.

ಅಕ್ಕ ಈ ಸಲ ಹಾಡು ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಆ ಸಾಲಿನಲ್ಲಿ ನೀನು ಏನು ನುಡಿಸಿದೆ?" ಅಂತ ಕೇಳಿದರು. ಹೆಬ್ಬೆರಳು ಎತ್ತಿದ್ದನ್ನು ತೋರಿಸಿದೆ. ಇನ್ನೊಮ್ಮೆ ಹಾಡೋಣ ಅಂದರು. ಹಾಗೆ ನಾಲ್ಕು ಸಲ ಹಾಡಿದೆವು.

ಮುಂದಿನ ಹಾಡು ಸಿಂಧುಭೈರವಿಯದು. ಅಕ್ಕ ಎರಡೂ ರಿಷಭ ಹಿಡಿಯುತ್ತಾರೆ. ಅಲ್ಲಿ 9 ಎಲ್ಲಿ ಇಡಲಿ, ಎಲ್ಲಿ ಬಿಡಲಿ? ಮೇಡಂ, ಸಾಹಿತ್ಯಕ್ಕೆ ಸ್ವರ ಹಾಕಿ ನಾಳೆ ಇಲ್ಲೇ ಕಳಿಸಲಾ?

ಗ್ರಹಭೇದ | ಸೋಮವಾರ, ಬೆಳಗ್ಗೆ 5.55

ಕಳಿಸಿ. ರಿಷಭ ಬರುವ ಕಡೆಯೆಲ್ಲ ಯಾವುದು ಅಂತ ಗುರುತು ಹಾಕಿರಿ. ವೀಣೆ ಶ್ರುತಿ ಮಾಡಿ ಇಟ್ಟಿರುತ್ತೇನೆ.